ಏನಾಗಬೇಕು?

ಕೇಳುಗರೇ, ನಮಸ್ಕಾರ.

ಆಸ್ಪತ್ರೆಯ ಅರ್ಜಿಯಲ್ಲಿ ಒಂದು ಖಾನೆ ಇರುತ್ತದೆ: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ಪಕ್ಕದಲ್ಲೇ ಇನ್ನೊಂದು: ಅವರು ನಿಮಗೆ ಏನಾಗಬೇಕು? ನನಗಿದ್ದವಳು ಅಕ್ಕ ಒಬ್ಬಳೇ. ಕೋವಿಡ್‌ನಲ್ಲಿ ಅವಳು ಹೋದ ಮೇಲೆ, ಆ ಖಾನೆಯ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಬರೆಯಲು ಹೆಸರಿರಲಿಲ್ಲ.

2020 ಮತ್ತು 2021ರಲ್ಲಿ ಮಹಾಮಾರಿಯಿಂದ, ನೇರವಾಗಿಯೋ ಪರೋಕ್ಷವಾಗಿಯೋ, ಸುಮಾರು 1 ಕೋಟಿ 49 ಲಕ್ಷ ಮಂದಿ ಹೆಚ್ಚುವರಿಯಾಗಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಷ್ಟು ಹೆಸರುಗಳು ಎಷ್ಟು ಅರ್ಜಿಗಳಿಂದ ಅಳಿಸಿಹೋಗಿರಬಹುದು!

ಈ ಪ್ರಶ್ನೆ ಹಳೆಯದು. 1980ರ ದಶಕದಲ್ಲಿ ಅಮೆರಿಕದಲ್ಲಿ ಏಡ್ಸ್ ಹಬ್ಬಿದಾಗ, ಹೆತ್ತವರೇ ದೂರ ಮಾಡಿದ ಎಷ್ಟೋ ರೋಗಿಗಳ ಮಗ್ಗುಲಲ್ಲಿ ರಾತ್ರಿಯಿಡೀ ಕೂತವರು ಗೆಳೆಯರು. ಅಂಥವರನ್ನೇ 'ನೀವು ಇವರಿಗೆ ಏನಾಗಬೇಕು?' ಎಂದು ಕೇಳಿ ಬಾಗಿಲಾಚೆ ನಿಲ್ಲಿಸಿದ್ದುಂಟು. ಅದನ್ನು ನೆನೆದರೆ ಇಂದಿಗೂ ನನ್ನ ಕರುಳು ಚುರುಕ್ಕೆನ್ನುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗಳ ನಡುವಿನ ಒಡನಾಟಕ್ಕೆ ನಿರ್ಬಂಧವಿದ್ದಾಗ, 2020ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ, ಇಂಗ್ಲೆಂಡ್‌ನಲ್ಲಿ ಒಂಟಿಯಾಗಿರುವವರು ಇನ್ನೊಂದು ಮನೆಯವರ ಜೊತೆ ಸೇರಿಕೊಳ್ಳಬಹುದು ಎಂದಿತು. ಯಾವ ಮನೆ ಎಂಬುದು ಅವರಿಗೇ ಬಿಟ್ಟದ್ದು, ರಕ್ತಸಂಬಂಧದ ಷರತ್ತಿರಲಿಲ್ಲ. ಎಂಥ ಒಳ್ಳೆಯ ನಿಯಮ!

ನನ್ನ ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಅವರ ಪತಿಯೂ ಅದೇ ತಿಂಗಳು ಹೋದರು. ಅದಕ್ಕೆ ಮೊದಲು ನಮಗೆ ಮುಖಪರಿಚಯವಷ್ಟೇ. ಅವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡತೊಡಗಿದರು. ಒಂದೇ ಮಾತು: "ಇದ್ದೀಯೇನೇ?" "ಇದ್ದೀನಿ" ಎಂದರೆ ಇಟ್ಟುಬಿಡುತ್ತಿದ್ದರು. ಒಮ್ಮೆ ಎರಡು ರಾತ್ರಿ ನಾನು ಫೋನ್ ಎತ್ತಲಿಲ್ಲ. ಮೂರನೆಯ ಬೆಳಗ್ಗೆ ಬಾಗಿಲು ಬಡಿದು, ನಿಂತಲ್ಲೇ ಬೈದರು. ಸಮಾಧಾನ ಹೇಳುವವರು ಆವರೆಗೆ ಬೇಕಾದಷ್ಟು ಜನ ಬಂದಿದ್ದರು. ಬೈದವರು ಇವರೊಬ್ಬರೇ. ಅವತ್ತು ನಾನು ಮೊದಲ ಸಲ ಬಾಯಿಬಿಟ್ಟು ಅತ್ತೆ.

ಆದರೂ ಅವರನ್ನು 'ಅಕ್ಕ' ಎನ್ನಲು ನನಗೆ ಬಾಯಿ ಬಂದಿಲ್ಲ. ಆ ಪದ ಒಬ್ಬಳದೇ. ಅವರೂ ಅದನ್ನು ಕೇಳಿಲ್ಲ. ಅವರ ಮನೆಯ ಬೀಗದ ಕೈ ನನ್ನಲ್ಲಿದೆ, ನನ್ನದು ಅವರಲ್ಲಿ. ನನಗೆ ಪ್ರಜ್ಞೆ ತಪ್ಪಿದರೆ ಚಿಕಿತ್ಸೆ ಹೇಗಿರಬೇಕೆಂದು ಅವರಿಗೆ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ರಕ್ತಸಂಬಂಧವಿಲ್ಲದೆ ತಾವೇ ಕಟ್ಟಿಕೊಂಡ ಬಂಧುಗಳಿರುವವರೆಲ್ಲ ದಯವಿಟ್ಟು ಇಷ್ಟು ಮಾಡಿ. ಪ್ರೀತಿಯಿದ್ದರೂ ಕಾಗದ ಬೇಕಾಗುವ ಗಳಿಗೆ ಬರುತ್ತದೆ.

ಮೊನ್ನೆ ಮತ್ತೆ ಆ ಅರ್ಜಿ ಕೈಗೆ ಬಂತು. ಅವರ ಹೆಸರು ಬರೆದೆ. ಏನಾಗಬೇಕು ಎಂಬಲ್ಲಿ 'ನೆರೆಮನೆಯವರು' ಎಂದು ಬರೆದೆ. ಸ್ವಲ್ಪ ಹೊತ್ತು ನೋಡಿ, ಮೊದಲ ಎರಡು ಅಕ್ಷರಗಳನ್ನು ಹೊಡೆದುಹಾಕಿದೆ.