24 ತಾಸಿಗೆ ಎಣಿಸಿದರೆ ಸಾಲದು: ಆರ್ಟೀಮಿಯಾ ತತ್ತಿಯ ಪ್ರಯೋಗ

[ದೃಶ್ಯ: ಬಿಳಿ ತಟ್ಟೆಯ ಮೇಲೆ ಚಿಟಿಕೆ ಕಂದು ಪುಡಿ. ಕ್ಯಾಮೆರಾ ಹತ್ತಿರ ಹೋಗುತ್ತದೆ.]

ನಮಸ್ಕಾರ. ನೋಡಲು ಕಾಫಿ ಪುಡಿ ಇದ್ದ ಹಾಗಿದೆ, ಅಲ್ವಾ? ಇವು ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ತತ್ತಿಗಳು. ಒಂದೊಂದೂ ಮಿಲಿಮೀಟರಿನ ಕಾಲು ಭಾಗದಷ್ಟು. ಒಂದು ಗ್ರಾಂ ತೂಗಿದರೆ ಎರಡು ಲಕ್ಷಕ್ಕೂ ಜಾಸ್ತಿ. ಅಕ್ವೇರಿಯಂ ಅಂಗಡಿಯಲ್ಲಿ ‘ಬ್ರೈನ್ ಶ್ರಿಂಪ್ ಎಗ್ಸ್’ ಅಂತ ಕೇಳಿ. ಮೀನಿನ ಮರಿಗಳಿಗೆ ಇವುಗಳಿಂದ ಹೊರಬರುವ ಮರಿಗಳೇ ಊಟ.

ಆರ್ಟೀಮಿಯಾ ಇರುವುದು ಉಪ್ಪುನೀರಿನ ಕೆರೆಗಳಲ್ಲಿ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಇದಕ್ಕೆ ಹೆಸರುವಾಸಿ. ನಮ್ಮ ದೇಶದಲ್ಲಿ ತೂತುಕುಡಿಯ ಉಪ್ಪಿನ ಮಡಿಗಳಲ್ಲೂ ಸಿಗುತ್ತದೆ. ಹುಬ್ಬಳ್ಳಿಯ ಸಿಹಿನೀರಿನ ಉಣಕಲ್ ಕೆರೆಯಲ್ಲಿ ಸುಮ್ನೆ ಹುಡುಕಬೇಡಿ.

ಈ ಒಣ ತತ್ತಿಯೊಳಗೆ ಸುಮಾರು 4000 ಜೀವಕೋಶಗಳ ಭ್ರೂಣ ಇರುತ್ತದೆ. ಅದು ಉಸಿರಾಡುತ್ತಿಲ್ಲ, ಬೆಳೆಯುತ್ತಿಲ್ಲ, ಆದರೆ ಸತ್ತಿಲ್ಲ. 1972ರಲ್ಲಿ ಅಪೊಲೊ 16 ನೌಕೆಯಲ್ಲಿ ಇಂಥ ತತ್ತಿಗಳು ಚಂದ್ರನ ತನಕ ಹೋಗಿ ಬಂದವು. ಹಾಗಾದರೆ ಏಳುವುದು ಯಾವಾಗ? ನೀರು ಬಿದ್ದ ಕೂಡಲೇ ಅಲ್ಲ. ಉಪ್ಪು ಎಷ್ಟು, ಬಿಸಿ ಎಷ್ಟು, ಬೆಳಕು ಬಿತ್ತಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

[ದೃಶ್ಯ: ಆರು ಗಾಜಿನ ಬಟ್ಟಲು, ಉಪ್ಪಿನ ಪ್ಯಾಕೆಟ್, ಅಡಿಗೆಮನೆಯ ಡಿಜಿಟಲ್ ತೂಕದ ಯಂತ್ರ.]

ಮೊದಲು ಉಪ್ಪು. ಲೀಟರ್ ನೀರಿಗೆ 0, 10, 20, 35, 70, 100 ಗ್ರಾಂ. ಚಮಚದ ಅಳತೆ ಬೇಡ, ಹರಳುಪ್ಪು ಒಂದೊಂದು ಚಮಚಕ್ಕೆ ಒಂದೊಂದು ತೂಕ ಬರುತ್ತದೆ. ಎಲ್ಲ ಬಟ್ಟಲಿಗೂ ಒಂದೇ ಪ್ಯಾಕೆಟ್ಟಿನ ಉಪ್ಪು, ಒಂದೇ ಕೊಡದ ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ನಲ್ಲಿಗೆ ಬರುವ ಮಲಪ್ರಭೆಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಒಂದೆರಡು ದಿನ ಬಾಯಿ ತೆರೆದಿಟ್ಟರೆ ಹಾರಿಹೋಗುತ್ತದೆ. ಅಷ್ಟು ದಿನ ನೀರು ತುಂಬಿಡುವುದು ನಮಗೇನು ಹೊಸದಲ್ಲ ಬಿಡಿ. ಗದಗದ ಕಡೆ ಬೋರಿನ ಗಡಸು ನೀರು ಬಳಸಿದರೂ ನಡೆಯುತ್ತದೆ. ಆದರೆ ಅರ್ಧ ಬಟ್ಟಲಿಗೆ ಬೋರು, ಅರ್ಧಕ್ಕೆ ನಲ್ಲಿ ಮಾಡಿದರೆ ಅದು ಬೇರೆಯೇ ಪ್ರಯೋಗ. ಪ್ರತಿ ಬಟ್ಟಲಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8ರ ಮೇಲಿದ್ದರೆ ಈ ತತ್ತಿಗಳಿಗೆ ಒಳ್ಳೆಯದು.

ಈಗ ದೊಡ್ಡ ತಲೆನೋವು: ಎಣಿಸುವುದು ಹೇಗೆ? ಚಿಟಿಕೆ ಉದುರಿಸಿ ಆಮೇಲೆ ‘ಬಹಳ ಮರಿ ಬಂದವು’ ಅಂದರೆ ಯಾರೂ ನಂಬುವುದಿಲ್ಲ. ಎರಡೂ ಕಡೆ ಅಂಟುವ ಟೇಪ್ ತನ್ನಿ. ಒಂದು ಸೆಂಟಿಮೀಟರ್ ತುಂಡು ಕತ್ತರಿಸಿ ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿ. ಮೇಲಿನ ಮುಖವನ್ನು ತತ್ತಿಯ ಮೇಲೆ ಮೆಲ್ಲಗೆ ಒತ್ತಿ. ಭೂತಗನ್ನಡಿ ಹಿಡಿದು ಎಣಿಸಿ, ಬರೆದುಕೊಂಡು, ನೀರಿಗೆ ಇಳಿಸಿ. ನೀರು ಎರಡು ಬೆರಳು ಆಳ ಇದ್ದರೆ ಸಾಕು, ಗಾಳಿಯ ಪಂಪ್ ಬೇಕಿಲ್ಲ. ಒಡೆದ ತತ್ತಿಯ ಸಿಪ್ಪೆ ಟೇಪಿನ ಮೇಲೇ ಉಳಿಯುತ್ತದೆ, ಮರಿ ಈಜಿ ಹೋಗುತ್ತದೆ. ಸಿಪ್ಪೆ ಎಣಿಸಿ ಶೇಕಡಾ ತೆಗೆಯಿರಿ.

[ದೃಶ್ಯ: ಭೂತಗನ್ನಡಿಯಲ್ಲಿ ಕಿತ್ತಳೆ ಬಣ್ಣದ ಮರಿಗಳು, ಬೆಳಕಿನ ಕಡೆ ಗುಂಪಾಗಿ.]

28 ಡಿಗ್ರಿ ಹತ್ತಿರ, 35 ಗ್ರಾಂ ಉಪ್ಪಿನಲ್ಲಿ, ಒಂದು ದಿನದೊಳಗೆ ಮರಿ ಕಾಣಿಸಿಕೊಳ್ಳುತ್ತವೆ. ಅರ್ಧ ಮಿಲಿಮೀಟರ್ ಉದ್ದ, ಒಂದೇ ಕಣ್ಣು. ಆದರೆ ತಾಳಿ, ಬಹಳ ಮಂದಿ 24 ತಾಸಿಗೆ ಒಮ್ಮೆ ನೋಡಿ, ಪಟ್ಟಿ ಬರೆದು, ಪ್ರಯೋಗ ಮುಗಿಸಿಬಿಡುತ್ತಾರೆ. ನನಗೆ ಒಪ್ಪಿಗೆಯಾಗದ್ದು ಇದೇ. ಆ ಹೊತ್ತಿಗೆ ಒಡೆಯದ ತತ್ತಿ ಕೆಟ್ಟಿದೆಯಾ, ತಡ ಮಾಡುತ್ತಿದೆಯಾ? ಒಂದು ಎಣಿಕೆಯಿಂದ ಗೊತ್ತಾಗುವುದಿಲ್ಲ. 12, 24, 36, 48, 72 ತಾಸಿಗೆ ಎಣಿಸಿ ಗೆರೆ ಎಳೆಯಿರಿ.

[ತೆರೆಯ ಮೇಲೆ: ಎರಡು ಗೆರೆಗಳು. ಕಡಿಮೆ ಉಪ್ಪಿನದ್ದು ಬೇಗ ಏರುತ್ತದೆ. ಹೆಚ್ಚು ಉಪ್ಪಿನದ್ದು ತಡವಾಗಿ ಏರಿ ಬಹುತೇಕ ಅಲ್ಲಿಗೇ ತಲುಪುತ್ತದೆ.]

ಉಪ್ಪು ಯಾಕೆ ತಡ ಮಾಡಿಸುತ್ತದೆ? ತತ್ತಿಯೊಳಗೆ ಟ್ರೆಹಲೋಸ್ ಎಂಬ ಸಕ್ಕರೆ ಇದೆ. ಭ್ರೂಣ ಅದನ್ನು ಗ್ಲಿಸರಾಲ್ ಮಾಡುತ್ತದೆ. ಗ್ಲಿಸರಾಲ್ ಹೊರಗಿನ ನೀರನ್ನು ಒಳಗೆ ಎಳೆಯುತ್ತದೆ, ಒತ್ತಡ ಏರಿ ಸಿಪ್ಪೆ ಬಿರಿಯುತ್ತದೆ. ಹೊರಗೆ ಉಪ್ಪು ಜಾಸ್ತಿ ಇದ್ದಷ್ಟೂ ಗ್ಲಿಸರಾಲ್ ಜಾಸ್ತಿ ಬೇಕು. ಹೊತ್ತೂ ಹಿಡಿಯುತ್ತದೆ, ಮರಿಯ ಕೂಡಿಟ್ಟ ಬುತ್ತಿಯೂ ಕರಗುತ್ತದೆ. ಉಪ್ಪು ಬಹಳ ಏರಿದರೆ ತತ್ತಿಗೆ ಬೇಕಾದಷ್ಟು ನೀರೇ ಸಿಗುವುದಿಲ್ಲ. ಬೆಳೆದ ಆರ್ಟೀಮಿಯಾ ಬದುಕುವಷ್ಟು ಉಪ್ಪಿನಲ್ಲೂ ತತ್ತಿ ಒಡೆಯದೇ ಇರಬಹುದು. ಉಪ್ಪಿನ ಕೆರೆಗೆ ಮಳೆ ಬಿದ್ದು ನೀರಿನ ಉಪ್ಪು ಕಡಿಮೆಯಾದಾಗ ಏಳಬೇಕು ಅನ್ನುವ ಲೆಕ್ಕ ಅದರದ್ದು. ಹಾಗಂತ ಸಪ್ಪೆ ನೀರಿನ ಬಟ್ಟಲು ನೋಡಿ ಮೋಸ ಹೋಗಬೇಡಿ. ಅಲ್ಲೂ ಒಂದಿಷ್ಟು ಮರಿ ಬರಬಹುದು, ಆದರೆ ಬೇಗ ಸಾಯುತ್ತವೆ. ಅದಕ್ಕೇ ಒಡೆದ ಸಿಪ್ಪೆ ಎಷ್ಟು, ಜೀವಂತ ಮರಿ ಎಷ್ಟು ಅಂತ ಬೇರೆ ಬೇರೆ ಬರೆಯಿರಿ.

ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗದಗದ ಗಾಳಿಗೆ ತೆರೆದಿಟ್ಟ 35ರ ಬಟ್ಟಲು ಎರಡು ದಿನದಲ್ಲಿ 35 ಆಗಿ ಉಳಿಯುವುದಿಲ್ಲ. ತಟ್ಟೆ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಇಳಿದರೆ ಸಪ್ಪೆ ನೀರೇ ಸುರಿಯಿರಿ, ಉಪ್ಪುನೀರಲ್ಲ.

ಬಿಸಿಯ ಪ್ರಯೋಗ ಸುಲಭ. ಧಾರವಾಡದ ಡಿಸೆಂಬರ್ ರಾತ್ರಿಯಲ್ಲಿ 15 ಡಿಗ್ರಿಯ ಹತ್ತಿರ ಹೋದರೆ ತತ್ತಿ ಬಹಳ ನಿಧಾನ. ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲಿಟ್ಟ ಬಟ್ಟಲು 40 ದಾಟಿದರೆ ಸತ್ತೇಹೋಗಬಹುದು. ಥರ್ಮಾಮೀಟರ್ ನೀರಿನೊಳಗೆ ಇರಲಿ, ಗೋಡೆಯ ಮೇಲಲ್ಲ.

ಬೆಳಕಿನ ಪ್ರಯೋಗದಲ್ಲಿ ಮಾತ್ರ ಹುಷಾರು. ಒಂದು ಬಟ್ಟಲಿಗೆ ಹಳೆಯ ಹಳದಿ ಬಲ್ಬ್, ಇನ್ನೊಂದು ಕಪಾಟಿನೊಳಗೆ. ಬೆಳಕಿನದ್ದು ಮೊದಲು ಒಡೆಯಿತು. ಬೆಳಕಿಗೋ, ಬಲ್ಬಿನ ಬಿಸಿಗೋ? ಎಲ್‌ಇಡಿ ಬಳಸಿ. ಎರಡೂ ಬಟ್ಟಲನ್ನು ನೀರು ತುಂಬಿದ ಒಂದೇ ಪರಾತದಲ್ಲಿ ನಿಲ್ಲಿಸಿ, ಒಂದಕ್ಕೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ. ಬೆಳಕು ಮುಖ್ಯವಾಗಿ ಬೇಕಾಗುವುದು ತತ್ತಿ ನೆನೆದ ಮೊದಲ ಕೆಲವು ತಾಸು. ಹಾಗಾಗಿ ಕತ್ತಲ ಬಟ್ಟಲನ್ನು ನಡುವೆ ತೆಗೆದು ಇಣುಕಿದರೆ ಪ್ರಯೋಗ ಅಲ್ಲಿಗೇ ಕೆಟ್ಟಿತು. ಇಲ್ಲಿ ಪ್ರತಿ ಎಣಿಕೆಗೂ ಬೇರೆ ಕತ್ತಲ ಬಟ್ಟಲು ಇಡಬೇಕು. ಒಮ್ಮೆ ತೆರೆದದ್ದು ಮತ್ತೆ ಲೆಕ್ಕಕ್ಕಿಲ್ಲ.

[ದೃಶ್ಯ: ಬಿರುಕು ಬಿಟ್ಟ ಒಣ ಹೊಂಡದ ಕಪ್ಪು ಮಣ್ಣು.]

ಅಂಗಡಿಯ ತತ್ತಿ ಸಿಗದಿದ್ದರೂ ಕೈ ಕಟ್ಟಿ ಕೂರಬೇಕಿಲ್ಲ. ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಗುಂಡಿಗಳಲ್ಲಿ ಆರ್ಟೀಮಿಯಾದ ಸಿಹಿನೀರಿನ ನೆಂಟರು ಇರಬಹುದು. ಅವುಗಳ ತತ್ತಿಯೂ ಒಣ ಮಣ್ಣಿನಲ್ಲಿ ಕಾಯುತ್ತದೆ. ಮೊದಲ ಮಳೆಗೆ ಎಲ್ಲವೂ ಒಡೆಯುವುದಿಲ್ಲ. ಮಳೆ ಕೈಕೊಟ್ಟರೆ ಎಂದು ಒಂದಿಷ್ಟು ಹಿಂದೆ ಉಳಿಯುತ್ತವೆ. ಮೇ ತಿಂಗಳಲ್ಲಿ ಹೊಲದವರನ್ನು ಕೇಳಿ, ಒಂದು ಹಿಡಿ ಮೇಲ್ಮಣ್ಣು ತನ್ನಿ. ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ. ಒಂದಕ್ಕೆ ಹಿಡಿದಿಟ್ಟ ಮಳೆನೀರು, ಇನ್ನೊಂದಕ್ಕೆ ಬೋರಿನ ನೀರು. ಇಲ್ಲಿ ಮೊದಲೇ ತತ್ತಿ ಎಣಿಸಲು ಆಗುವುದಿಲ್ಲ, ಶೇಕಡಾ ಬರೆಯಲೂ ಬೇಡಿ. ಈಜುವವನ್ನು ಡ್ರಾಪರಿನಿಂದ ತೆಗೆಯುತ್ತಾ ದಿನದಿನದ ಲೆಕ್ಕ ಇಡಿ. ಎರಡು ವಾರ ಬಿಟ್ಟು ಅದೇ ಮಣ್ಣನ್ನು ಒಣಗಿಸಿ, ಮತ್ತೆ ನೀರು ಹಾಕಿ. ಹಿಂದೆ ಉಳಿದವು ಆಗ ಎದ್ದರೂ ಏಳಬಹುದು.