ಮೊದಲು ಕರೆಂಟು ನೋಡಿ, ಆಮೇಲೆ ಕೋಡು

ವೇದಿಕೆಯ ಮೇಲಿರುವ ಹಿರಿಯರಿಗೂ ಮುಂದೆ ಕೂತಿರುವ ಗೆಳೆಯರಿಗೂ ನಮಸ್ಕಾರ.

ಇವತ್ತು ವಿಜ್ಞಾನ ದಿನ. ಇಲ್ಲಿಗೆ ಬರುವ ಮೊದಲು ಪಕ್ಕದ ಹಾಲಿನಲ್ಲಿ ನಿಮ್ಮ ಪ್ರಾಜೆಕ್ಟುಗಳನ್ನು ಒಂದು ಗಂಟೆ ನೋಡಿದೆ. ಗೆರೆ ಹಿಡಿದು ಓಡುವ ಗಾಡಿ, ಕೈ ಚಾಚಿದರೆ ಬಾಯಿ ತೆರೆಯುವ ಕಸದ ಬುಟ್ಟಿ, ಮಣ್ಣು ಒಣಗಿದರೆ ತಾನೇ ನೀರು ಕುಡಿಯುವ ಹೂಕುಂಡ. ಮೂರನೆಯ ಮೇಜಿನಲ್ಲಿ ಒಬ್ಬಳು ಹುಡುಗಿ ಅಳುಮುಖ ಮಾಡಿಕೊಂಡು ನಿಂತಿದ್ದಳು. "ಸರ್, ನಿನ್ನೆ ರಾತ್ರಿ ಚೆನ್ನಾಗಿತ್ತು. ಈಗ ಸರ್ವೋ ತಿರುಗಿದ ಕೂಡಲೇ ಬೋರ್ಡು ಮೊದಲಿಂದ ಶುರುವಾಗುತ್ತೆ. ಕೋಡು ಮೂರು ಸಲ ತಿದ್ದಿದೆ" ಅಂದಳು. ಸರ್ವೋ ಅಂದರೆ ಹೇಳಿದಷ್ಟೇ ತಿರುಗುವ ಪುಟ್ಟ ಮೋಟರು, ಬೋರ್ಡು ಅದಕ್ಕೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರು, ಕೋಡು ಅದರಲ್ಲಿ ಬರೆದ ಪ್ರೋಗ್ರಾಮು. ನಾನು ಬರೆದುಕೊಂಡು ಬಂದಿದ್ದ ಉಪನ್ಯಾಸ ಅಲ್ಲಿಗೇ ಮಗುಚಿತು. ಅವಳಿಗೆ ಅಲ್ಲಿ ಉತ್ತರ ಹೇಳಲಿಲ್ಲ. ಅದು ನಿಮ್ಮೆಲ್ಲರ ಮೇಜಿಗೂ ಬರುವ ಕಾಯಿಲೆ, ಎಲ್ಲರೆದುರು ಹೇಳೋಣ ಅಂತ ಬಂದೆ. ಮೊದಲು ಕರೆಂಟು ನೋಡಿ, ಆಮೇಲೆ ಕೋಡು ನೋಡಿ.

ನಾವು ಓದುವಾಗ ಬೋರ್ಡಿನ ಮೆದುಳಾಗಿ 8051 ಇತ್ತು. ಇಂಟೆಲ್‌ನವರು 1980ರಲ್ಲಿ ತಂದ ಚಿಪ್ಪು. ಪ್ರೋಗ್ರಾಮನ್ನು ಪ್ರತ್ಯೇಕವಾದ ಇಪ್ರಾಮ್ ಎಂಬ ನೆನಪಿನ ಚಿಪ್ಪಿಗೆ ಬರೆಯಬೇಕು. ಅದರ ಬೆನ್ನ ಮೇಲೆ ಸಣ್ಣ ಗಾಜಿನ ಕಿಟಕಿ. ಒಂದು ಸಾಲು ತಪ್ಪಿದರೆ ಅದನ್ನು ನೇರಳಾತೀತ ದೀಪದ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಮಲಗಿಸಿ, ಪೂರ್ತಿ ಅಳಿಸಿ, ಮತ್ತೆ ಬರೆಯಬೇಕು. ಆ ಇಪ್ಪತ್ತು ನಿಮಿಷ ನಾವು ಸರ್ಕಿಟ್ಟು ನೋಡುತ್ತಿದ್ದೆವು, ಬೇರೇನು ಕೆಲಸ? ವೈರು ಸಡಿಲವಾಗಿದೆಯಾ, ಸಪ್ಲೈ ಐದು ವೋಲ್ಟ್ ಇದೆಯಾ, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಈಗ ಯುಎಸ್‌ಬಿ ಕೇಬಲ್ ಚುಚ್ಚಿ ಹತ್ತು ಸೆಕೆಂಡಿನಲ್ಲಿ ಹೊಸ ಕೋಡು ಹಾಕುತ್ತೀರಿ. ಬಹಳ ಒಳ್ಳೆಯದು. ಆದರೆ ತಪ್ಪು ಎಲ್ಲೇ ಇರಲಿ, ಕೈ ಮೊದಲು ಕೋಡಿಗೇ ಹೋಗುತ್ತದೆ.

ಈ ಸುಲಭವನ್ನು ಮಾಡಿಕೊಟ್ಟವರನ್ನು ನೆನೆಯಬೇಕು. 2005ರಲ್ಲಿ ಉತ್ತರ ಇಟಲಿಯ ಇವ್ರಿಯಾ ಎಂಬ ಊರಿನ ಒಂದು ವಿನ್ಯಾಸ ಶಾಲೆಯಲ್ಲಿ ಆರ್ಡುಯಿನೊ ಎಂಬ ಬೋರ್ಡು ಹುಟ್ಟಿತು. ಅದಕ್ಕೂ ಮೊದಲು ಅದೇ ಶಾಲೆಯ ವಿದ್ಯಾರ್ಥಿ ಹೆರ್ನಾಂಡೊ ಬರಗಾನ್ ಅವರು 'ವೈರಿಂಗ್' ಅಂತ ಇಂಥದ್ದೇ ಬೋರ್ಡು, ಸಾಫ್ಟ್‌ವೇರು ಮಾಡಿದ್ದರು, ಬುನಾದಿ ಅದು. ಊರಿನ ಒಂದು ಮದ್ಯದ ಬಾರಿಗೆ ಹಳೆಯ ಕಾಲದ ಆರ್ಡುಯಿನ್ ರಾಜನ ಹೆಸರಿತ್ತು, ಬೋರ್ಡಿಗೂ ಅದೇ ಹೆಸರು ಬಂತು. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಕಲಾವಿದರೂ ಡಿಸೈನ್ ಓದುವ ಮಕ್ಕಳೂ ಕೈ ಹಾಕಲಿ ಅಂತ ಮಾಡಿದ ಬೋರ್ಡು ಅದು. ವಿನ್ಯಾಸವನ್ನು ಮುಚ್ಚಿಡಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಿ ಅಂದರು. ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅದೇ ಮಾದರಿಯ ಬೋರ್ಡು ಅಗ್ಗಕ್ಕೆ ಸಿಗುವುದು ಆ ಔದಾರ್ಯದಿಂದ.

ಈಗ ನಮ್ಮ ಚಿಕ್ಕಪ್ಪನ ತೋಟದ ಕತೆ. ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ. ಅಡಿಕೆ ತೋಟ, ಮನೆ ಗುಡ್ಡದ ಮೇಲೆ, ಪಂಪ್‌ಸೆಟ್ಟು ಕೆಳಗೆ ಹಳ್ಳದ ಬದಿಗೆ. ತ್ರೀಫೇಸ್ ಬರುವುದು ಪಾಳಿಯ ಮೇಲೆ, ಎಷ್ಟೋ ದಿನ ನಡುರಾತ್ರಿ. ಬ್ಯಾಟರಿ ಹಿಡಿದು, ಬೂಟು ಹಾಕಿ, ಹಾವು ಚೇಳು ನೋಡಿಕೊಂಡು ಆ ಇಳಿಜಾರು ಇಳಿಯಬೇಕು. ಅರವತ್ತೆಂಟು ವರ್ಷದ ಮನುಷ್ಯ. ಚಿಕ್ಕಮ್ಮ ಅವರು ಹತ್ತಿ ಬರುವ ತನಕ ಜಗಲಿಯಲ್ಲಿ ಕೂತಿರುವರು. ಫೋನಿನಿಂದಲೇ ಪಂಪು ಶುರು ಮಾಡುವ ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲಿ ಆಗಲೇ ಸಿಗುತ್ತಿತ್ತು. ನಾನೇ ಮಾಡಿಕೊಡುತ್ತೇನೆ, ಕೆಟ್ಟರೆ ನಾನೇ ರಿಪೇರಿ ಮಾಡಬಹುದು ಅಂದೆ.

ಆರ್ಡುಯಿನೊದ ಒಂದು ಊನೊ ಬೋರ್ಡು, ಒಂದು 2ಜಿ ಜಿಎಸ್‌ಎಂ ಮಾಡ್ಯೂಲು (ಸಿಮ್ ಹಾಕಿದ ಪುಟ್ಟ ಫೋನಿನಂಥದ್ದು), ಎರಡು ರಿಲೇ (ಬೋರ್ಡು ಹೇಳಿದಂತೆ ಕೂಡುವ, ಬಿಡುವ ಸ್ವಿಚ್ಚು). ಸ್ಟಾರ್ಟರಿನ ಹಸಿರು ಗುಂಡಿಗೆ ಒಂದು ರಿಲೇ ಪ್ಯಾರಲಲ್, ಕೆಂಪು ಗುಂಡಿಗೆ ಇನ್ನೊಂದು ಸೀರೀಸ್. ಆ ಕಡೆ ಇರುವುದು 415 ವೋಲ್ಟ್. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಿಸಿದ್ದು, ನಾನಲ್ಲ. ನೀವೂ ಮುಟ್ಟಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ.

ಮೇಜಿನ ಮೇಲೆ ಎಲ್ಲ ಚಂದ. ತೋಟಕ್ಕೆ ಹೋದರೆ ಕರೆ ಬಂದ ಕೂಡಲೇ ಮಾಡ್ಯೂಲು ಸತ್ತು ಮತ್ತೆ ಹುಟ್ಟುತ್ತದೆ. ಎಂಟು ರಾತ್ರಿ ಕೋಡು ತಿದ್ದಿದೆ. ಮಾಡ್ಯೂಲಿಗೆ ಬೇಕಾದ್ದು 3.4ರಿಂದ 4.4 ವೋಲ್ಟ್. ಮೀಟರ್ ಇಟ್ಟರೆ ಸರಿಯಾಗಿ ನಾಲ್ಕು ತೋರಿಸುತ್ತಿತ್ತು, ಹಾಗಾಗಿ ಆ ಕಡೆ ಅನುಮಾನವೇ ಬರಲಿಲ್ಲ. ಕೊನೆಗೆ ಪೇಟೆಯಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಕೋಡು ಕೇಳಲೇ ಇಲ್ಲ. ವೈರು ಹಿಡಿದು ನೋಡಿ, "ಇಷ್ಟು ಸಪೂರ ವೈರಲ್ಲಿ ಊಟ ಹಾಕಿದ್ರೆ ಅದು ಬದುಕೋದು ಹೇಗೆ ಸಾರ್?" ಅಂದರು. ಟವರ್ ಜೊತೆ ಮಾತಾಡುವಾಗ ಆ ಮಾಡ್ಯೂಲು ಎರಡು ಆಂಪಿಯರ್ ತನಕ ಎಳೆಯುತ್ತದೆ, ಒಂದು ಸಲಕ್ಕೆ ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು. ಆ ಕ್ಷಣ ಆ ಸಪೂರ ಜಂಪರ್ ವೈರಿನಲ್ಲಿ ವೋಲ್ಟೇಜು ಕುಸಿಯುತ್ತದೆ. ಮೀಟರು ನಿಧಾನದ ಪ್ರಾಣಿ, ಅದಕ್ಕೆ ಕಾಣುವುದು ಸರಾಸರಿ ಮಾತ್ರ. ಅವರು ದಪ್ಪ ವೈರನ್ನು ಗಿಡ್ಡಕ್ಕೆ ಕತ್ತರಿಸಿ ಬೆಸೆದರು, ಮಾಡ್ಯೂಲಿನ ಪಿನ್ನಿನ ಬುಡಕ್ಕೇ, ಆ ಕ್ಷಣದ ಹಸಿವಿಗೆ ಕರೆಂಟು ಕೂಡಿಟ್ಟುಕೊಳ್ಳುವ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಕೂರಿಸಿದರು. ಕೋಡಿನ ಒಂದಕ್ಷರ ಮುಟ್ಟದೆ ಕಾಯಿಲೆ ಹೋಯಿತು. ಎಂಟು ರಾತ್ರಿಗೆ ಹತ್ತು ನಿಮಿಷದ ಉತ್ತರ. ಮೊದಲು ಕರೆಂಟು ನೋಡಿ!

ಆಮೇಲೆ ಇನ್ನೊಂದು. ಮೋಟರು ಆಫ್ ಆದಾಗಲೆಲ್ಲ ಬೋರ್ಡು ರೀಸೆಟ್. ಕಾಂಟ್ಯಾಕ್ಟರಿನ, ಅಂದರೆ ಸ್ಟಾರ್ಟರಿನೊಳಗಿನ ದೊಡ್ಡ ಸ್ವಿಚ್ಚಿನ, ಕಾಯಿಲು ಬಿಡುವಾಗ ಎಬ್ಬಿಸುವ ವೋಲ್ಟೇಜಿನ ಹೊಡೆತ ಅದು. ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸ್ನಬ್ಬರ್ (ಆ ಹೊಡೆತ ಹೀರುವ ಜೋಡಿ) ಹಾಕಿಸಿದ ಮೇಲೆ ನಿಂತಿತು. ಇದೂ ಕೋಡಲ್ಲ, ಕರೆಂಟೇ.

ಅದಾಗಿ ಒಂದು ರಾತ್ರಿ ಚಿಕ್ಕಪ್ಪನ ಫೋನಿಗೆ "ಮೋಟರ್ ಆನ್ ಆಗಿದೆ" ಅಂತ ಮೆಸೇಜು ಬಂತು. ನಿಶ್ಚಿಂತೆಯಿಂದ ಮಲಗಿದರು. ಬೆಳಿಗ್ಗೆ ತೋಟಕ್ಕೆ ಹನಿ ನೀರಿಲ್ಲ. ನನಗೆ ಫೋನ್ ಮಾಡಿ ಹೇಳಿದ ಮಾತು ಇವತ್ತಿಗೂ ನನ್ನ ಪಾಠ: "ಅಲ್ಲ ಮಾರಾಯ, ನಿನ್ನ ಪೆಟ್ಟಿಗೆ ಗುಂಡಿ ಒತ್ತಿದ್ದನ್ನ ಹೇಳ್ತು. ನೀರು ಬಂದದ್ದನ್ನ ಹೇಳಲಿಲ್ಲ." ಎಷ್ಟು ಸರಿ! ನಾನು ರಿಲೇ ಎಳೆದದ್ದನ್ನೇ ಮೋಟರು ತಿರುಗಿತು ಅಂತ ನಂಬಿದ್ದೆ. ಒಂದು ಫೇಸು ಹೋಗಿತ್ತು, ಆಗ ಮೋಟರು ಸುಡದಂತೆ ಕಾಯುವ ಪ್ರಿವೆಂಟರ್ ಸ್ಟಾರ್ಟರನ್ನು ಬಿಡಿಸಿತ್ತು. ಆಮೇಲೆ ಮೂರು ಫೇಸಿಗೂ ಹರಿಯುವ ಕರೆಂಟನ್ನು ಅಳೆಯುವ ಒಂದೊಂದು ಕರೆಂಟ್ ಟ್ರಾನ್ಸ್‌ಫಾರ್ಮರ್ ತೊಡಿಸಿದೆವು. ಮೋಟರಿಗೆ ನಿಜವಾಗಿ ಕರೆಂಟು ಹರಿದರೆ ಮಾತ್ರ ಮೆಸೇಜು. ಹಳ್ಳ ಬತ್ತಿ ಪಂಪು ನೀರಿಲ್ಲದೆ ತಿರುಗಿದರೆ ಕರೆಂಟು ಇಳಿಯುತ್ತದೆ, ಆಗ ತಾನೇ ನಿಲ್ಲಿಸುತ್ತದೆ. ನಿಮ್ಮ ಕುಂಡಕ್ಕೂ ಇದನ್ನೇ ಕೇಳುತ್ತೇನೆ: ಪಂಪಿಗೆ ಆಜ್ಞೆ ಹೋದದ್ದು ಸರಿ, ನೀರು ಬಿತ್ತಾ?

ಮೆಸೇಜನ್ನು ಕನ್ನಡದಲ್ಲಿ ಮಾಡಿದ್ದು ಚಿಕ್ಕಮ್ಮನಿಗಾಗಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡ ಯೂನಿಕೋಡಿನಲ್ಲಿ 70 ಸಂಕೇತ. ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲ ಬೇರೆ ಬೇರೆ ಲೆಕ್ಕ. ಆದರೂ "ನೀರು ಬಂತು" ಅನ್ನಲು ನಡುವಿನ ಖಾಲಿ ಜಾಗವೂ ಸೇರಿ ಒಂಬತ್ತೇ ಸಾಕು. ಊನೊದ ರ್‍ಯಾಮ್ ಇರುವುದೇ 2 ಕಿಲೋಬೈಟ್. ಮನೆಯಲ್ಲಿ ಅಮ್ಮ ಅಜ್ಜಿ ಓದುವ ಭಾಷೆಯಲ್ಲಿ ಮಾತಾಡುವಷ್ಟು ಜಾಗ ಅದರಲ್ಲೂ ಇದೆ, ದಯವಿಟ್ಟು ಮಾಡಿ. ಈಗ ಆ ಮೆಸೇಜು ಬಂದರೆ ಚಿಕ್ಕಮ್ಮನೇ ಮೊದಲು ಓದುತ್ತಾರೆ. ಜಗಲಿಯಲ್ಲಿ ಕಾಯುವುದು ತಪ್ಪಿದೆ.

ಮಲೆನಾಡಿನ ಮಳೆಯ ಬಗ್ಗೆ ಹೇಳದಿದ್ದರೆ ಕತೆ ಅರ್ಧ. ಮೊದಲ ಆಷಾಢದಲ್ಲೇ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿತು, ಬೋರ್ಡಿನ ಮೇಲೆ ಹಸಿರು ಕಿಲುಬು. ವೈರು ಬರುವ ತೂತಿಗೆಲ್ಲ ಗ್ಲ್ಯಾಂಡ್ (ಸಂದು ಮುಚ್ಚುವ ಬಿಗಿ ಬಿರಡೆ) ಹಾಕಿ, ತೂತುಗಳನ್ನು ಕೆಳಮುಖ ಮಾಡಿ, ವೈರು ಚುಚ್ಚಿ ಮಾತ್ರ ನಿಲ್ಲಿಸುವ ಬ್ರೆಡ್‌ಬೋರ್ಡು ಬಿಟ್ಟು ಎಲ್ಲ ಬೆಸುಗೆ ಮಾಡಿ, ಮೇಲೆ ವಾರ್ನಿಷ್ ಬಳಿದೆವು. ಅಂದಿನಿಂದ ಐದು ಮಳೆಗಾಲ ಕಂಡಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಹೇಳುತ್ತೇನೆ. ತೇವದ ಸೆನ್ಸರ್ ಮಾಡಿದವರೇ, ಎರಡು ಕಡ್ಡಿಯ ಫೋರ್ಕಿಗೆ ಸದಾ ಕರೆಂಟು ಕೊಟ್ಟರೆ ವಿದ್ಯುದ್ವಿಭಜನೆಯಿಂದ ತಾಮ್ರ ಕರಗಿ ಹೋಗುತ್ತದೆ. ಓದುವ ಕ್ಷಣ ಮಾತ್ರ ಕೊಡಿ, ಇಲ್ಲವೇ ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ತನ್ನಿ. ಬ್ಯಾಟರಿಯಲ್ಲಿ ಓಡಿಸುವವರೇ, ಚಿಪ್ಪನ್ನು ಮಲಗಿಸಿದರೂ ಊನೊ ಬೋರ್ಡಿನ ರೆಗ್ಯುಲೇಟರು, ಯುಎಸ್‌ಬಿ ಚಿಪ್ಪು ಎಚ್ಚರವಾಗಿರುತ್ತವೆ. ತಿಂಗಳುಗಟ್ಟಲೆ ಓಡಬೇಕಾದರೆ ಚಿಪ್ಪನ್ನು ಬೋರ್ಡಿನಿಂದ ಹೊರಗೆ ತನ್ನಿ. ವಾಚ್‌ಡಾಗ್ ಟೈಮರ್ (ಬೋರ್ಡು ಸಿಕ್ಕಿಕೊಂಡರೆ ಮತ್ತೆ ಶುರು ಮಾಡುವ ಗಡಿಯಾರ) ಬಗ್ಗೆ, ಇಎಸ್‌ಪಿ32 ಎಂಬ ವೈಫೈ ಚಿಪ್ಪಿನ ಬಗ್ಗೆ ಹೇಳಲು ನಾಲ್ಕು ಹಾಳೆ ಇದೆ. ಅದನ್ನು ಪ್ರಾಧ್ಯಾಪಕರ ಕೈಯಲ್ಲಿ ಕೊಟ್ಟು ಹೋಗುತ್ತೇನೆ.

ಮೂರನೆಯ ಮೇಜಿನ ತಂಗಿ ಎಲ್ಲಿದ್ದೀರಿ? ಹಾಂ, ಅಲ್ಲಿ. ನಿಮ್ಮ ಸರ್ವೋ ಊನೊದ ಐದು ವೋಲ್ಟಿನ ಪಿನ್ನಿನಿಂದ ಊಟ ಮಾಡುತ್ತಿದೆ, ಅದು ತಿರುಗಿದಾಗ ಬೋರ್ಡಿಗೆ ಉಪವಾಸ. ಸರ್ವೋಗೆ ಬೇರೆ ನಾಲ್ಕು ಸೆಲ್ಲು ಕೊಡಿ. ಎರಡರ ಗ್ರೌಂಡ್ (ಸೊನ್ನೆ ವೋಲ್ಟಿನ ವೈರು) ಮಾತ್ರ ಒಂದಕ್ಕೊಂದು ಸೇರಿರಲಿ, ಅದನ್ನು ಮರೆತರೆ ಸರ್ವೋ ಸುಮ್ಮನೆ ನಡುಗುತ್ತದೆ. ಕೋಡನ್ನು ನಿನ್ನೆ ರಾತ್ರಿಯದಕ್ಕೇ ವಾಪಸ್ ಮಾಡಿ. ನನ್ನ ಚೀಲದಲ್ಲಿ ಮೀಟರೂ ಬೆಸುಗೆ ಕಡ್ಡಿಯೂ ಇವೆ. ಯಾರಾದರೂ ನಾಲ್ಕು ಸೆಲ್ಲು ತಂದುಕೊಟ್ಟರೆ ಚಹಾ ಬರುವುದರೊಳಗೆ ಓಡಿಸಿ ನೋಡೋಣ, ಬನ್ನಿ.