ಪಾಸ್ಟರಾ, ಡಾಕ್ಟ್ರಾ? ಟೆನೆಸ್ಸಿ ಬೆಟ್ಟದ ಒಂದು ಪ್ರೇಮಕಥೆ ಬಗ್ಗೆ ಮಾತು

ನಮಸ್ಕಾರ ಎಲ್ರಿಗೂ, ಹಿಂದ್ಗಡೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇದಾವೆ. ಇವತ್ತಿನ ವಿಷ್ಯ ಲವ್ ಸ್ಟೋರಿ, ಅದೂ ಚರ್ಚು, ಬೆಟ್ಟ, ಹಳೇ ಕಾಲ ಮೂರೂ ಸೇರಿರೋ ಲವ್ ಸ್ಟೋರಿ. ಅಮೆರಿಕದಲ್ಲಿ ಈ ಥರದ ಕಾದಂಬರಿ ರಾಶಿ ರಾಶಿ ಬರ್ತಾವೆ, ಬಹಳಷ್ಟು ಒಂದೇ ಅಚ್ಚು: ಪೇಟೆ ಹುಡುಗಿ ಬೆಟ್ಟಕ್ಕೆ ಟೀಚರಾಗಿ ಹೋಗ್ತಾಳೆ, ಅಲ್ಲಿ ಇಬ್ರು ಗಂಡಸ್ರು, ಒಬ್ಬ ದೇವ್ರನ್ನ ನಂಬೋನು ಇನ್ನೊಬ್ಬ ನಂಬ್ದೇ ಇರೋನು, ಕೊನೇಲಿ ಒಂದು ಪ್ರಾರ್ಥನೆ ಆಮೇಲೆ ಮದ್ವೆ. ಈ ಸಾಲಲ್ಲಿ ದೊಡ್ಡಕ್ಕ ಅನ್ನಬಹುದಾದ ಪುಸ್ತಕ ಕ್ಯಾಥರಿನ್ ಮಾರ್ಷಲ್ 1967ರಲ್ಲಿ ತಂದ 'ಕ್ರಿಸ್ಟಿ'. ಅಲ್ಲಿ ಕ್ರಿಶ್ಚಿಯನ್ ಕಾದಂಬರಿಗಳಿಗೆ ಕೊಡೋ ಪ್ರಶಸ್ತಿಗೂ ಇದ್ರದ್ದೇ ಹೆಸರು.

ಕಥೆ ಬೇಗ ಹೇಳ್ಬಿಡ್ತೀನಿ. 1912, ಚಳಿಗಾಲ. ಹತ್ತೊಂಬತ್ತರ ಕ್ರಿಸ್ಟಿ ಹಡಲ್‌ಸ್ಟನ್ ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ ಅನುಕೂಲಸ್ಥರ ಮನೆ ಹುಡುಗಿ, ಮಿಷನ್‌ನವರ ಒಂದು ಭಾಷಣ ಕೇಳಿ ಮನಸ್ಸಿಗೆ ನಾಟಿ, ಅಪ್ಪ ಅಮ್ಮ ಬೇಡ ಅಂದ್ರೂ ಟ್ರೈನ್ ಹತ್ತಿ ಟೆನೆಸ್ಸಿಯ ಗ್ರೇಟ್ ಸ್ಮೋಕಿ ಬೆಟ್ಟಗಳಿಗೆ ಹೋಗ್ತಾಳೆ, ಸ್ಟೇಷನ್ನಿಂದ ಊರಿಗೆ ಹಿಮದಲ್ಲಿ ಪೋಸ್ಟ್‌ಮ್ಯಾನ್ ಹಿಂದೆ ನಡ್ಕೊಂಡೇ. ಊರ ಹೆಸರು ಕಟರ್ ಗ್ಯಾಪ್, ಅದು ಕಲ್ಪನೆ. ಅಲ್ಲಿ ಡೇವಿಡ್ ಅಂತ ಯುವ ಪಾಸ್ಟರ್, ನೀಲ್ ಮ್ಯಾಕ್‌ನೀಲ್ ಅಂತ ಅದೇ ಬೆಟ್ಟದಲ್ಲಿ ಹುಟ್ಟಿ ಓದಿ ವಾಪಸ್ ಬಂದ ಡಾಕ್ಟ್ರು, ಇವ್ನಿಗೆ ದೇವ್ರು ಅಂದ್ರೆ ಅಷ್ಟಕ್ಕಷ್ಟೆ. ಇವ್ರಿಗೆಲ್ಲಾ ಹಿರಿಯಳಾಗಿ ಮಿಸ್ ಆಲಿಸ್, ಕ್ವೇಕರ್ ಅನ್ನೋ ಕ್ರಿಶ್ಚಿಯನ್ ಪಂಗಡದ ಹೆಂಗಸು.

ಆದ್ರೆ ಹುಡುಗಿ ಕಲ್ಪನೆ ಅಲ್ಲ. ಲೇಖಕಿಯ ಅಮ್ಮ ಲಿಯೊನೊರಾ ವಿಟೇಕರ್ 1909ರಲ್ಲಿ ನಿಜವಾಗ್ಲೂ ಟೆನೆಸ್ಸಿಯ ಡೆಲ್ ರಿಯೊ ಹತ್ರ ಒಂದು ಮಿಷನ್ ಸ್ಕೂಲಲ್ಲಿ ಪಾಠ ಹೇಳೋಕೆ ಹೋಗಿದ್ರು. ಮಗಳು ಅದನ್ನೇ ಕೇಳಿ ಬರ್ಕೊಂಡಿದ್ದು. ಹೀಗಾಗಿ ಇದು ರೊಮ್ಯಾನ್ಸೂ ಹೌದು, ಮನೆ ಚರಿತ್ರೆನೂ ಹೌದು.

ನನ್ನ ತಕರಾರು ಇಲ್ಲಿಂದ ಶುರು. ಈ ಜಾತಿ ಕಾದಂಬರಿಗಳಲ್ಲಿ ಬೆಟ್ಟದ ಜನ ಅಂದ್ರೆ ಏನೂ ಗೊತ್ತಿಲ್ದೋರು, ಪೇಟೆಯಿಂದ ಯಾರೋ ಬಂದು ಯೇಸುವನ್ನ ಪರಿಚಯ ಮಾಡಿಸ್ಬೇಕು ಅನ್ನೋ ಥರ ಬರೀತಾರೆ. ಅಪ್ಪಲೇಚಿಯಾ ಅಂದ್ರೆ ಟೆನೆಸ್ಸಿ, ಕೆಂಟಕಿ ಕಡೆಯ ಈ ಬೆಟ್ಟಸೀಮೆ, ಅಲ್ಲಿನ ಜನ ಇವ್ರೆಲ್ಲಾ ಬರೋಕ್ಕಿಂತ ಎಷ್ಟೋ ಮುಂಚೆನೇ ಕ್ರಿಶ್ಚಿಯನ್ನರು ಸ್ವಾಮಿ, ಅದ್ರಲ್ಲೂ ಬ್ಯಾಪ್ಟಿಸ್ಟ್ ಪಂಗಡದೋರು ಜಾಸ್ತಿ. ಎಷ್ಟೋ ಕಡೆ ಪಾಸ್ಟರು ಅಂದ್ರೆ ಸಂಬಳ ಇಲ್ದೆ, ವಾರವೆಲ್ಲಾ ಜೋಳದ ಹೊಲದಲ್ಲಿ ದುಡಿದು ಭಾನುವಾರ ಪ್ರಸಂಗ ಮಾಡೋ ರೈತ. ಕೆಲವು ಸಭೆಗಳಲ್ಲಿ ಒಬ್ರ ಕಾಲು ಒಬ್ರು ತೊಳೆಯೋ ಆಚರಣೆ. ಹಾಡಿನ ಪುಸ್ತಕ ಕಮ್ಮಿ, ಓದೋಕ್ ಬರೋರೂ ಕಮ್ಮಿ, ಅದಕ್ಕೆ ಮುಂದಾಳು ಒಂದು ಸಾಲು ಹೇಳ್ಕೊಡ್ತಿದ್ದ, ಸಭೆ ಅದನ್ನ ಎಳೆದೆಳೆದು ಹಾಡ್ತಿತ್ತು, ನಮ್ಮ ಭಜನೆಲಿ ಹೇಳ್ಕೊಡೋ ಥರನೇ. ಕಳ್ಳಭಟ್ಟಿ ಕಾಯಿಸ್ತಿದ್ರು ಅಂತ ಕಾದಂಬರಿಗಳು ಬಾಯಿ ಬಡ್ಕೋತಾವೆ, ಅದೂ ನಿಜ, ಆದ್ರೆ ಆ ರಸ್ತೇಲಿ ಜೋಳದ ಮೂಟೆ ಪೇಟೆಗೆ ಸಾಗ್ಸಿದ್ರೆ ಏನೂ ಗಿಟ್ಟಲ್ಲ, ಅದೇ ಜೋಳ ವಿಸ್ಕಿ ಆದ್ರೆ ಒಂದು ಹೇಸರಗತ್ತೆ ಮೇಲೆ ಹೋಗುತ್ತೆ, ಕಾಸೂ ಜಾಸ್ತಿ.

ಮಾರ್ಷಲ್ ಬೇರೆಯವರಷ್ಟು ಜಾರಲ್ಲ. ಅವ್ರ ಪುಸ್ತಕದಲ್ಲಿ ನಂಬಿಕೆ ಹುಡುಕ್ತಾ ಇರೋಳು ಕ್ರಿಸ್ಟಿನೇ, ಬೆಟ್ಟದ ಜನ ಅಲ್ಲ, ಅದಕ್ಕೇ ಇಷ್ಟು ವರ್ಷ ಆದ್ಮೇಲೂ ಓದ್ಬಹುದು. ಆ ಹುಡುಕಾಟ ಗಟ್ಟಿಯಾಗಿ ಕಾಣೋದು ಫೇರ್‌ಲೈಟ್ ಸ್ಪೆನ್ಸರ್ ಅನ್ನೋ ಬೆಟ್ಟದ ಹೆಂಗಸಿನ ಜೊತೆಗಿನ ಸ್ನೇಹದಲ್ಲಿ. ಫೇರ್‌ಲೈಟ್ ಮಕ್ಕಳ ತಾಯಿ, ಕಾಡು, ಹೂವು, ಹಾಡು ಎಲ್ಲಾ ಗೊತ್ತು, ಅಕ್ಷರ ಮಾತ್ರ ಗೊತ್ತಿಲ್ಲ, ಕ್ರಿಸ್ಟಿ ಹತ್ರ ಕಲೀತಾಳೆ. ನನ್ ಕೇಳಿದ್ರೆ ಈ ಪುಸ್ತಕದ ನಿಜವಾದ ಪ್ರೇಮಕಥೆ ಇದು, ಗಂಡಸ್ರಿಬ್ರದ್ದು ಆಮೇಲೆ.

ಇದು ಬರೀ ಕಾದಂಬರಿ ಮಾತು ಅನ್ಕೋಬೇಡಿ. ಅದೇ ಕಾಲದಲ್ಲಿ ಪಕ್ಕದ ಕೆಂಟಕಿಯ ರೋವನ್ ಕೌಂಟಿಲಿ ಕೋರಾ ವಿಲ್ಸನ್ ಸ್ಟುವರ್ಟ್ ಅನ್ನೋರು ಸ್ಕೂಲ್ ಸೂಪರಿಂಟೆಂಡೆಂಟ್ ಆಗಿದ್ರು, ಅದೇ ಸೀಮೆಯವರು. ಒಬ್ಬ ತಾಯಿ ಇವ್ರ ಹತ್ರ ಪದೇ ಪದೇ ಬರ್ತಿದ್ಳಂತೆ, ಮಗಳು ಶಿಕಾಗೋದಿಂದ ಬರೆದ ಕಾಗ್ದ ಓದಿಸ್ಕೊಳ್ಳೋಕೆ. ಇಂಥ ಜನಕ್ಕೆ ಅಂತಲೇ 1911ರ ಸೆಪ್ಟೆಂಬರ್ 5ಕ್ಕೆ ದೊಡ್ಡೋರಿಗೆ ರಾತ್ರಿ ಶಾಲೆ ಶುರು ಮಾಡಿದ್ರು, ಬೆಳದಿಂಗಳ ರಾತ್ರಿಗಳನ್ನೇ ನೋಡಿ, ಯಾಕಂದ್ರೆ ಸೇತುವೆ ಇಲ್ಲ, ದಾರಿ ಕೆಟ್ಟದ್ದು, ಕತ್ತಲಲ್ಲಿ ನಡೆಯೋಕಾಗಲ್ಲ. 150 ಜನ ಬಂದ್ರೆ ಹೆಚ್ಚು ಅನ್ಕೊಂಡಿದ್ರು, ಬಂದಿದ್ದು 1200ಕ್ಕೂ ಮೇಲೆ. ಇದೇ ಆಸುಪಾಸು ಕೆಂಟಕಿಯಲ್ಲಿ ವಿಲಿಯಂ ಕ್ರೀಚ್ ಅನ್ನೋ ಬೆಟ್ಟದ ಮುದುಕಪ್ಪ ತನ್ನ ಜಮೀನೇ ಕೊಟ್ಟು ಶಾಲೆ ಮಾಡಿ ಅಂದ, 1913ರಲ್ಲಿ ಪೈನ್ ಮೌಂಟನ್ ಸ್ಕೂಲ್ ಆಯ್ತು. ಕೇಳಿದ್ದು ಬೆಟ್ಟದೋರೇ ನೋಡಿ. ಈ ಭಾಗ ರೊಮ್ಯಾನ್ಸ್ ಬರೆಯೋರಿಗೆ ಯಾಕೋ ಕಾಣೋದೇ ಇಲ್ಲ.

ಆಮೇಲೆ ಟೈಫಾಯ್ಡ್. ಕಾದಂಬರಿಯ ಕೊನೇಲಿ ಈ ಜ್ವರ ಊರಿಗೇ ಬರುತ್ತೆ, ಫೇರ್‌ಲೈಟ್ ಸಾಯ್ತಾಳೆ. ಕಕ್ಕಸಿನ ಕೊಳೆ ಕುಡಿಯೋ ನೀರಿನ ಒರತೆಗೆ ಸೇರೋದು, ನೊಣ, ಇಷ್ಟೇ ಸಾಕು. ಟೈಫಾಯ್ಡ್ ವಾಸಿ ಮಾಡೋ ಆಂಟಿಬಯಾಟಿಕ್ ಸಿಕ್ಕಿದ್ದು 1940ರ ದಶಕದ ಕೊನೇಲಿ, ಅಲ್ಲೀತನಕ ಮೈ ಒರೆಸೋದು, ನೀರು ಗಂಜಿ ಕುಡ್ಸೋದು, ಕಾಯೋದು. ಇದು ಗೊತ್ತಿದ್ರೆ ಡಾಕ್ಟ್ರ ಕೋಪ ಅರ್ಥ ಆಗುತ್ತೆ. ಕ್ರಿಸ್ಟಿನೂ ಅದೇ ಜ್ವರಕ್ಕೆ ಬಿದ್ದು ಮೈಮೇಲೆ ಪ್ರಜ್ಞೆ ಇಲ್ದೆ ಮಲಗಿರೋವಾಗ ಆ ಮನುಷ್ಯ ಪ್ರಾರ್ಥನೆ ಮಾಡ್ತಾನೆ, ಅವಳು ಕಣ್ಣು ಬಿಡ್ತಾಳೆ. ಸಿನಿಮೀಯ ಅನ್ನಿಸ್ಬಹುದು, ನನಗೂ ಸ್ವಲ್ಪ ಅನ್ನಿಸ್ತು, ಆದ್ರೆ ಬೇರೆ ಔಷಧಿ ಎಲ್ಲಾ ಮುಗಿದಿರೋ ಜಾಗದಲ್ಲಿ ಅವ್ನು ಮೊಣಕಾಲೂರೋದು ಸುಳ್ಳು ಅನ್ನಿಸ್ಲಿಲ್ಲ.

ಒಂದು ಅಡ್ಡ ಮಾತು. ನಮ್ಮ ಮಂಗ್ಳೂರು, ಧಾರವಾಡದ ಬಾಸೆಲ್ ಮಿಷನ್ ಪಾದ್ರಿಗಳಿಗೆ ಬಾಸೆಲ್ ಕಮಿಟಿ ಒಪ್ಪಿಗೆ ಇಲ್ದೆ ಮದ್ವೆ ಆಗೋಹಾಗಿರ್ಲಿಲ್ಲ, ಎಷ್ಟೋ ಹುಡುಗೀರು ಸರಿಯಾಗಿ ಮುಖಾನೂ ನೋಡ್ದೇ ಇರೋ ಗಂಡಿಗಾಗಿ ಯುರೋಪಿಂದ ಹಡಗು ಹತ್ತಿ ಬರ್ತಿದ್ರು. ಇದನ್ನ ಕನ್ನಡದಲ್ಲಿ ಯಾರಾದ್ರೂ ದಪ್ಪ ಕಾದಂಬರಿ ಮಾಡ್ಬೇಕು, ನಾನಂತೂ ಕಾಸು ಕೊಟ್ಟು ತಗೋತೀನಿ.

ಇನ್ನು ಯಾರನ್ನ ಮದ್ವೆ ಆಗ್ಬೇಕಿತ್ತು ಅನ್ನೋದು. ಕಾದಂಬರಿ ಡಾಕ್ಟ್ರ ಕಡೆ ವಾಲುತ್ತೆ. ನಿಜದಲ್ಲಿ ಲಿಯೊನೊರಾ ಮದ್ವೆ ಆಗಿದ್ದು ಅದೇ ಮಿಷನ್‌ನ ಪಾಸ್ಟರ್ ಜಾನ್ ವುಡ್‌ನ, ಅವ್ರಿಬ್ರ ಮಗಳೇ ಈ ಲೇಖಕಿ! ಅಂದ್ರೆ ಸ್ವಂತ ಅಪ್ಪನ ಜಾಗದಲ್ಲಿ ನಿಂತಿರೋನನ್ನೇ ಮಗಳು ಪುಸ್ತಕದಲ್ಲಿ ಸೋಲಿಸಿದಾಳೆ. ಪಾಸ್ಟರ್‌ಗೆ ನಂಬಿಕೆ ಮೊದ್ಲೇ ಇದೆ, ಅವ್ನಿಗೆ ಬದಲಾಗೋಕೆ ದಾರಿನೇ ಕಮ್ಮಿ, ಕಥೆಗೆ ಡಾಕ್ಟ್ರೇ ಬೇಕಿತ್ತು ಅಂತ ನಾನು ಲೆಕ್ಕ ಹಾಕ್ತೀನಿ. ಡೇವಿಡ್ ಪಾರ್ಟಿಯವರು ಇಲ್ಲಿ ಇದ್ದೇ ಇರ್ತೀರ, ಜಗಳಕ್ಕೆ ಬನ್ನಿ, ಮೈಕ್ ಆ ಕಡೆ ಕೊಡಿ ಸ್ವಲ್ಪ.